ಗಂಟೆಗೆ ಎರಡು ಚಮಚ ನೀರು

"ಇನ್ನೊಂದೇ ಒಂದು ಚಮಚ ಕೊಡೋ," ಎಂದು ಅಕ್ಕ ಗೋಗರೆದಳು. ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಎರಡನೇ ದಿನ. ಗಂಟೆಗೆ ಎರಡೇ ಚಮಚ ನೀರೆಂದು ನರ್ಸ್ ಹೇಳಿಹೋಗಿದ್ದರು. ಪಕ್ಕದಲ್ಲಿ ಕೂತಿದ್ದ ತಮ್ಮ, ಲೋಟವನ್ನು ಅವಳ ಕೈಗೆಟುಕದಂತೆ ಕಿಟಕಿಯ ಕಟ್ಟೆಯ ಮೇಲಿಟ್ಟ. ಅವನಿಗೆ ನಗು ಬಂತು. ಮೂವತ್ತು ವರ್ಷದ ಹಿಂದೆ, ಅವನು ಬಾಕ್ಸರ್ ಆಗಿದ್ದಾಗ, ಇದೇ ಅಕ್ಕ ಅವನಿಗೆ ಸಿಗದಂತೆ ಲೋಟ ಬಚ್ಚಿಡುತ್ತಿದ್ದಳು.

ಪಂದ್ಯಕ್ಕೆ ಮುಂಚಿನ ಆ ದಿನಗಳು ಅವನ ಕಣ್ಣಿಗೆ ಕಟ್ಟಿದವು. ಪಂದ್ಯಕ್ಕೆ ಗೊತ್ತುಮಾಡಿದ ಮಿತಿಯೊಳಗೆ ತೂಕ ಇಳಿಯಲೆಂದು ಅವನು ಪ್ಲಾಸ್ಟಿಕ್ ಕೋಟು ತೊಟ್ಟು ಓಡಿದರೆ, ಅಕ್ಕ ಸೈಕಲ್ಲಿನಲ್ಲಿ ಬೆನ್ನು ಹತ್ತುತ್ತಿದ್ದಳು. ಮನೆಗೆ ಬಂದ ಮೇಲೆ ಎರಡೆರಡು ಕಂಬಳಿ ಹೊದಿಸಿ ಬೆವರಿಳಿಸುತ್ತಿದ್ದಳು. ಕೊನೆಯ ದಿನವಂತೂ ಒಂದು ಹನಿ ನೀರಿಲ್ಲ. ಅವನು ಅತ್ತರೂ ಅವಳು ಜಗ್ಗುತ್ತಿರಲಿಲ್ಲ. ತೂಕದ ಯಂತ್ರದಿಂದ ಇಳಿದ ಮೇಲೆ ಮಾತ್ರ ಉಪ್ಪು, ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತ, "ಮೆಲ್ಲಗೆ ಕಣೋ, ನೀರೇನೂ ಓಡಿಹೋಗಲ್ಲ," ಎನ್ನುತ್ತಿದ್ದಳು. ಗೆದ್ದ ಪದಕಗಳು ಎಲ್ಲಿ ಹೋದವೋ, ಆ ಮೊದಲ ಗುಟುಕಿನ ತಂಪು ಮಾತ್ರ ಅವನ ಗಂಟಲಲ್ಲಿ ಇನ್ನೂ ಇತ್ತು. ಜೊತೆಗಾರರೆಲ್ಲ ಅವಳನ್ನು ಜೈಲರ್ ಅಕ್ಕ ಎನ್ನುತ್ತಿದ್ದರು.

"ಏನು ಜೈಲರ್ ಅಕ್ಕ, ಬಾಯಾರಿಕೆ ಅಂದ್ರೆ ಏನು ಅಂತ ಈಗ ಗೊತ್ತಾಯ್ತಾ?" ಎಂದು ಅವನು ಕಿಚಾಯಿಸಿದ.

"ಆವಾಗ್ಲೇ ಗೊತ್ತಿತ್ತು," ಎಂದಳು ಅಕ್ಕ. "ನೀನು ಕುಡಿಯೋವರೆಗೂ ನಾನೆಲ್ಲಿ ಕುಡೀತಿದ್ದೆ?"

ಅವನ ನಗು ಅಲ್ಲೇ ನಿಂತಿತು. "ಒಂದು ದಿನಾನೂ ಹೇಳ್ಲಿಲ್ವಲ್ಲೇ!"

"ಹೇಳಿದ್ರೆ, ನನಗೋಸ್ಕರ ನೀನು ಕುಡಿದುಬಿಡ್ತಿದ್ದೆ."