ಅರಿಶಿನದ ದಾರ

ಹಸಿ ಊದುಬತ್ತಿ ಹಿಟ್ಟಿನ ವಾಸನೆ ಬಂದರೆ ಈಗಲೂ ನನ್ನ ಬೆರಳುಗಳು ಮಡಚಿಕೊಳ್ಳುತ್ತವೆ.

ಬನ್ನಿಮಂಟಪದ ಹತ್ತಿರ ಸಾವಿತ್ರಮ್ಮ ಎನ್ನುವವರ ಜಗಲಿಯಲ್ಲಿ ನಮ್ಮಕ್ಕ ನಾಲ್ಕಾರು ಹೆಂಗಸರ ಜೊತೆ ಬತ್ತಿ ಹೊಸೆಯುತ್ತಿದ್ದಳು. ಮದುವೆಯಿಲ್ಲದೆ ಹುಟ್ಟಿದ ಅವಳ ಕೂಸನ್ನು ನೋಡಿಕೊಳ್ಳಲು ನನ್ನ ಶಾಲೆ ಬಿಡಿಸಿದ್ದಳು. ಆ ಕೂಸನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಅಂದು ಶುಕ್ರವಾರ. ಮಧ್ಯಾಹ್ನ ಸಾವಿತ್ರಮ್ಮ ಮುತ್ತೈದೆಯರಿಗೆ ಹೂವು ಕೊಡುತ್ತ ಬಂದು ಅಕ್ಕನ ಮುಂದೆ ನಿಂತರು.

"ಏನಮ್ಮ, ನಿನ್ನ ಗಂಡನ್ನ ಒಂದಿನಾನೂ ನೋಡ್ಲಿಲ್ವಲ್ಲ. ಇದಾನೋ ಇಲ್ವೋ?"

"ಗಾಳಿಗೆ ಹುಟ್ಟಿರ್ಬೇಕು ಬುಡಿ ಕೂಸು," ಎಂದಳು ಪಕ್ಕದವಳು. ಎಲ್ಲರೂ ನಕ್ಕರು.

ಅಕ್ಕ ಕೊರಳಿನ ಅರಿಶಿನದ ದಾರವನ್ನು ಸೆರಗಿನೊಳಗಿಂದ ಎಳೆದು ತೋರಿಸಿದಳು. "ಬೊಂಬಾಯಲ್ಲಿ ಅವ್ರೆ ಕಣಮ್ಮ."

ನನ್ನ ತೊಡೆಯ ಮೇಲೆ ಕೂಸು ಅಳುತ್ತಲೇ ಇತ್ತು.

"ಆ ದಾರನ ಯಾವ ಗಂಡಾನೂ ಕಟ್ಟಿಲ್ಲ," ಎಂದೆ. "ಅಂಗಡಿಯಿಂದ ತಂದು ನಾನೇ ಕಟ್ಟಿದ್ದು."

ನಗು ನಿಂತಿತು. ಸಾವಿತ್ರಮ್ಮ ಕೈಹಾಕಿ ದಾರವನ್ನು ಕಿತ್ತು ಅಂಗಳಕ್ಕೆ ಎಸೆದರು.

"ಇಲ್ಲಿ ಮಾಡೋ ಬತ್ತಿ ದೇವರ ಮುಂದೆ ಉರಿಯುತ್ತೆ. ಏಳೇ ಮೇಲೆ."

ಅಕ್ಕ ಅಂಗಳಕ್ಕಿಳಿದು ದಾರವನ್ನು ಆರಿಸಿಕೊಂಡಳು. ಕೂಸನ್ನು ನನ್ನಿಂದ ಇಸಿದುಕೊಂಡಳು. ಬೀದಿಯ ತಿರುವಿನಲ್ಲಿ ಕಲ್ಲಿನ ಮೇಲೆ ಕೂತು, ನನಗೆ ಬೆನ್ನು ಮಾಡಿ, ಜಡೆಯನ್ನು ಮುಂದಕ್ಕೆ ಹಾಕಿಕೊಂಡಳು.

"ಗಟ್ಟಿಯಾಗಿ ಕಟ್ಟು ಕಣೇ. ನಾಳೆ ಬೋಗಾದೀಲಿ ಕೆಲಸ ಕೇಳ್ಬೇಕು."

ಹರಿದ ದಾರ ಗಿಡ್ಡವಾಗಿತ್ತು. ಎರಡು ತುದಿ ಸೇರಿಸಲು ನಾನು ಎಳೆದಾಗ ಅದು ಅವಳ ಕೊರಳನ್ನು ಒತ್ತಿತು. ಗಂಟು ಬೀಳುವವರೆಗೂ ಅಕ್ಕ ಅಲುಗಾಡದೆ ಕೂತಿದ್ದಳು.