ಮಣ್ಣಿನ ಕಾರಿನ ಎರಡು ಮಗ್ಗುಲು

ಸೊಸೆ ಬಗ್ಗಿ ನೋಡಿದಳು. ಅನುಮಾನವೇ ಇಲ್ಲ. ಮಣ್ಣಿನ ಕಾರಿನ ಎಡಮಗ್ಗುಲಲ್ಲಿ, ಅವಳು ಉಜ್ಜಿ ಉಜ್ಜಿ ನಯಗೊಳಿಸಿದ್ದ ಉದ್ದನೆಯ ಗೆರೆಯ ಮೇಲೆ, ಒಂದು ಹೆಬ್ಬೆರಳಿನ ಗುರುತು. ಅಗಲವಾದದ್ದು, ನಡುವೆ ಹಳೆಯ ಗಾಯದ ಸೀಳು. ಆ ಹೆಬ್ಬೆರಳು ದಿನಾ ಊಟಕ್ಕೆ ಅವಳೆದುರೇ ಕೂರುತ್ತಿತ್ತು.

ಮಾವನದು.

ಗುರುತಿನ ಪಕ್ಕದಲ್ಲಿ ಸೂಜಿಮೊನೆಯ ಚುಕ್ಕಿಗಳ ಸಾಲು. ಗೆರೆಯನ್ನು ಎಲ್ಲೆಲ್ಲಿ ಕೆಡಿಸಬೇಕೆಂದು ಲೆಕ್ಕ ಹಾಕಿಕೊಂಡು ಹೋಗಿದ್ದಾರೆ.

ಕಂಪನಿ ತನ್ನ ಹಳೆಯ ಪುಟ್ಟ ಕಾರಿಗೆ ಹೊಸ ರೂಪ ಕೊಡಲು ಹೊರಟಿತ್ತು. ವಿನ್ಯಾಸದ ವಿಭಾಗದಲ್ಲಿ ಮಾವ ಹಳಬರು, ಸೊಸೆ ಹೊಸಬಳು. ನಿಜವಾದ ಅಳತೆಯ ಒಂದೇ ಮಣ್ಣಿನ ಕಾರು. ಎಡಬದಿ ಅವಳದು, ಬಲಬದಿ ಅವರದು. ಆ ಕೆಲಸದಲ್ಲಿ ಇದು ಮಾಮೂಲು. ನೆತ್ತಿಯೂ ಹಿಂಭಾಗವೂ ಮೊದಲೇ ನಿಗದಿಯಾಗಿದ್ದವು. ಮೂತಿ ಮತ್ತು ಮಗ್ಗುಲು ಮಾತ್ರ ಅವರವರ ಕಲ್ಪನೆಗೆ ಬಿಟ್ಟದ್ದು. ನಡುವೆ ದಪ್ಪ ಪರದೆ. ಆಚೆ ಇಣುಕಬಾರದೆಂಬುದು ಕಟ್ಟಪ್ಪಣೆ. ಕಂಪನಿಯ ಯಜಮಾನಿ ಬಂದು ಒಂದು ಬದಿಯನ್ನು ಆರಿಸುತ್ತಾರೆ. ಗೆದ್ದವರದು ಕಾರು. ಸೋತವರಿಗೆ ಆ ಕಾರಿನ ಬಾಗಿಲ ಹಿಡಿ.

ಸೊಸೆ ಸೇರಿದಾಗಿನಿಂದ ಬಾಗಿಲ ಹಿಡಿಗಳನ್ನೇ ಬಿಡಿಸುತ್ತ ಬಂದವಳು. ಕನಸಿನಲ್ಲೂ ಅವಳ ಕೈಗೆ ಹಿಡಿ ಸಿಗುತ್ತಿತ್ತು, ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ. ಈ ಸಲ ಸೋಲುವುದಿಲ್ಲವೆಂದು ಪಣ ತೊಟ್ಟಿದ್ದಳು.

ದೂರು ಕೊಡೋಣವೆಂದುಕೊಂಡಳು. ಅತ್ತೆಯ ಮುಖ ನೆನಪಾಗಿ ಸುಮ್ಮನಾದಳು. ಮಾವ ಚಹಾಕ್ಕೆ ಹೋದದ್ದನ್ನು ಕಂಡು, ಮಣ್ಣು ಕೆರೆಯುವ ಅಲಗು ಹಿಡಿದು ಪರದೆ ದಾಟಿದಳು.

ಮಾವನ ಮಗ್ಗುಲು ಸೋಪಿನ ಬಿಲ್ಲೆಯಂತೆ ಬೋಳು ಬೋಳು. ಅವಳಿಗೆ ನಗು ಬಂತು. ಆದರೆ ಆ ಹೆಡ್‌ಲೈಟು! ಈಗಷ್ಟೇ ನಿದ್ದೆಯಿಂದೆದ್ದು ಯಾರನ್ನೋ ರೇಗಿಸಲು ಹೊರಟಂಥ ಕಣ್ಣು. ತನ್ನ ಬದಿಯ ಹೆಡ್‌ಲೈಟೋ, ನೆಗಡಿಯಾದ ಗುಮಾಸ್ತನದು. ಯಜಮಾನಿ ಇದನ್ನು ಕಂಡರೆ ತನ್ನ ಕಥೆ ಮುಗಿದಂತೆಯೇ.

ಅವಳು ಅಲಗು ಹಿಡಿದೇ ಆ ಹೆಡ್‌ಲೈಟಿನ ಮುಂದೆ ಕುಕ್ಕರಿಸಿದಳು. ಹೊರಬರುವಷ್ಟರಲ್ಲಿ ಮಾಡಬಾರದ್ದನ್ನು ಮಾಡಿಯಾಗಿತ್ತು. ಸಂಜೆ ಹೊರಡುವ ಮುಂಚೆ, ಅಳತೆಗೆಂದು ಕತ್ತರಿಸಿ ಉಳಿದ ರಟ್ಟಿನ ಚೂರುಗಳನ್ನು ಕಸದ ಬುಟ್ಟಿಯ ತಳಕ್ಕೆ ತುರುಕಿದಳು.

ಊಟಕ್ಕೆ ಕೂತಾಗ ಮಾವ ಅವಳ ಕೈಯನ್ನೇ ನೋಡಿದರು.

"ಏನಮ್ಮ, ಉಂಗುರದ ಸಂದೀಲಿ ಮಣ್ಣು ಮೆತ್ಕೊಂಡಿದೆ."

"ನಿಮ್ಮ ಹೆಬ್ಬೆರಳಲ್ಲೂ ಇದೆ ಮಾವ."

ಅತ್ತೆ ಬಡಿಸುವ ಸೌಟನ್ನು ಕೆಳಗಿಟ್ಟು, ಇಬ್ಬರೂ ಎದ್ದು ಕೈ ತೊಳೆದು ಬರಬೇಕೆಂದರು. ಮಾವ ಸೊಸೆ ಇಬ್ಬರದೂ ಒಂದೇ ಜಾತಿಯ ಕಳ್ಳಮುಖವೆಂದೂ ಸೇರಿಸಿದರು. ನಲ್ಲಿಯ ಹತ್ತಿರ ಸೊಸೆ ಮೆಲ್ಲಗೆ ಕೆದಕಿದಳು.

"ನಿಮ್ಮ ಕಡೆ ಹೇಗೆ ಬರ್ತಿದೆ?"

"ನಿನ್ನ ಕಡೆಗಿಂತ ಕಮ್ಮಿ ಏನಿಲ್ಲಮ್ಮ," ಎಂದು ಮಾವ ಮೀಸೆಯೊಳಗೇ ನಕ್ಕರು.

ಆಮೇಲಿನ ದಿನಗಳಲ್ಲಿ ಇಬ್ಬರೂ ಚಹಾಕ್ಕೆ ಹೋಗಲಿಲ್ಲ. ಅವಳು ತನ್ನ ಗೆರೆಗೆ ಕಾವಲು ಕೂತಳು. ಅದನ್ನು ಯಾರೂ ಕೆಡಿಸಲಿಲ್ಲ. ಪರದೆಯ ಈಚೆಗೂ ಕೆರೆಯುವ ಸದ್ದು, ಆಚೆಗೂ ಕೆರೆಯುವ ಸದ್ದು.

ಕೊನೆಗೆ ಯಜಮಾನಿ ಬಂದರು. ಪರದೆ ತೆಗೆದರು. ಸೊಸೆ ಎಡಕ್ಕೆ, ಮಾವ ಬಲಕ್ಕೆ, ತಂತಮ್ಮ ಬದಿಯಲ್ಲೇ ಕಲ್ಲಿನಂತೆ ನಿಂತಿದ್ದರು. ಯಜಮಾನಿ ಎಡಕ್ಕೆ ನಡೆದರು. ಬಲಕ್ಕೆ ನಡೆದರು. ಕನ್ನಡಕ ಒರೆಸಿಕೊಂಡು ಮತ್ತೆ ಎಡಕ್ಕೆ ಬಂದರು. ಸೊಸೆ ಉಂಗುರದ ಸಂದಿಯನ್ನು ಸೆರಗಿಗೆ ಒರೆಸಿಕೊಂಡಳು. ಮಾವ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡರು.

"ಆ ಕಣ್ಣು, ಈ ಗೆರೆ... ತುಂಬಾ ಚೆನ್ನಾಗಿದೆ," ಎಂದರು ಯಜಮಾನಿ. "ಆದ್ರೆ ಇಬ್ರೂ ಬೇರೆ ಬೇರೆ ಮಾಡ್ತಿದ್ದೀರಿ ಅಂದಿದ್ರಲ್ಲ, ಇನ್ನೊಂದು ಎಲ್ಲಿ?"