ಕಿಟಕಿಯಲ್ಲಿಟ್ಟ ಭಂಡಾರ

ಪುಟ್ಟ ಮೊಮ್ಮಗಳ ಎದೆಯ ಆಪರೇಷನ್ ಮುಗಿದಿತ್ತು. ಸೆರಗಿನ ತುದಿಯಲ್ಲಿ ದೇವರ ಭಂಡಾರದ ಗಂಟು ಹಿಡಿದು ಅಜ್ಜಿ ಐಸಿಯು ಬಾಗಿಲಿಗೆ ಬಂದಳು. ನರ್ಸ್ ಅಡ್ಡ ನಿಂತಳು.

“ಮೊದ್ಲ ಮೊಣಕೈತನಕ ಸೋಪು ಹಚ್ಚಿ ತೊಳ್ಕೊ ಅಜ್ಜಿ. ಆ ಅರಿಶಿಣಪುಡಿ ಒಳಗ ತರಂಗಿಲ್ಲ.”

“ಅರಿಶಿಣಪುಡಿ ಅಲ್ಲವ್ವ, ಮಾಳಪ್ಪನ ಭಂಡಾರ! ನಮ್ಮ ಮನ್ಯಾಗ ಇದನ್ನ ಹಚ್ಚದ ಕೂಸ ಇಲ್ಲ. ಹಣಿಗೆ ಒಂದ ಚಿಟಿಕಿ ಅಷ್ಟ.”

“ಹಾರಿ ಹೊಲಿಗಿ ಮ್ಯಾಲೆ ಬಿದ್ರ ನಂಜಾಗ್ತದ. ಕೂಸಿನ ಜೀವಕ್ಕ ಬರ್ತದ. ನನ್ನ ಮಗಳೇ ಮಲಗಿದ್ರೂ ನಾ ಹಚ್ಚಗೊಡ್ತಿರ್ಲಿಲ್ಲ.”

ಅಜ್ಜಿ ಸಿಟ್ಟಿನಿಂದ ಗೊಣಗುತ್ತಲೇ ಗಂಟನ್ನು ಹೊರಗಿನ ಕಿಟಕಿಯಲ್ಲಿಟ್ಟಳು. ಕೈ ತೊಳೆದು ಒಳಗೆ ಹೋಗಿ, ದೂರದಿಂದಲೇ ಮಗುವನ್ನು ನೋಡಿ ಬಂದಳು.

ಮರುದಿನದಿಂದ ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ನಲ್ಲಿಯ ಕೆಳಗೆ ನಿಂತು ಉಗುರಿನ ಸಂದಿಯ ಹಳದಿಯನ್ನು ಕೆರೆದು ಕೆರೆದು ತೊಳೆಯುವಳು. ಆಮೇಲೆ ಕೈ ಮೂಸಿ ನೋಡುವಳು. ಅರಿಶಿಣದ ವಾಸನೆ ಚೂರು ಉಳಿದಿದ್ದರೂ ಮತ್ತೆ ಸೋಪು ಹಚ್ಚುವಳು. ಹೊಸದಾಗಿ ಬಂದವರು ಹಾಗೇ ಒಳಗೆ ನುಗ್ಗಿದರೆ, “ಏ, ಕೈ ತೊಳ್ಕೊಂಡ ಹೋಗ್ರೋ!” ಎಂದು ಗದರುವಳು.

ಒಂದು ದಿನ ಬೆಳಿಗ್ಗೆ ನರ್ಸ್ ತಾನೇ ಹೊರಗೆ ಬಂದು ಕರೆದಳು. ಅಜ್ಜಿ ಲಗುಬಗೆಯಿಂದ ನಲ್ಲಿ ತಿರುಗಿಸಿದಳು. ನರ್ಸ್ ಬಂದು ಅದನ್ನು ನಿಲ್ಲಿಸಿದಳು. ಅವಳ ಹಿಂದೆ, ಬಾಗಿಲ ಸಂದಿಯಲ್ಲಿ, ಮಗುವಿನ ಪಕ್ಕದ ಯಂತ್ರಗಳೆಲ್ಲ ಆರಿದ್ದವು; ಬಿಳಿ ಬಟ್ಟೆಯನ್ನು ಗಲ್ಲದವರೆಗೆ ಹೊದಿಸಿದ್ದರು.

“ಭಂಡಾರ ಎಲ್ಲೈತಿ, ಅಜ್ಜಿ?”

“ಕಿಟಕ್ಯಾಗ ಐತಿ. ದೇವರಾಣಿ, ನಾ ಒಳಗ ತಂದಿಲ್ಲವ್ವ.”

“ತಗೊಂಡ ಬಾ,” ಎಂದಳು ನರ್ಸ್. “ಹಣಿತುಂಬ ಹಚ್ಚು. ಇನ್ನ ಯಾರೂ ಬ್ಯಾಡ ಅನ್ನಂಗಿಲ್ಲ.”